ಸಿದ್ದಲಿಂಗಸ್ವಾಮಿ ಬರೆದ ಮಗಳ ಆತ್ಮಕಥೆ

ಸರಸ್ವತಿಪುರದ ಆ ಕ್ರಾಸಿನಲ್ಲಿ ಮಕ್ಕಳ ಹೋಂವರ್ಕನ್ನು ಮಕ್ಕಳೇ ಮಾಡುವ ಪದ್ಧತಿ ಇರಲಿಲ್ಲ. ಸಂಜೆ ಅದನ್ನು ಶಾಲೆಯಿಂದ ಮನೆಗೆ ಹೊತ್ತು ತರುವುದು, ಬೆಳಿಗ್ಗೆ ಮನೆಯಿಂದ ಶಾಲೆಗೆ ಹೊತ್ತು ಹಾಕುವುದು, ಇಷ್ಟು ಮಕ್ಕಳ ಪಾಲಿನ ಕೆಲಸ. ನಡುವಿನದೆಲ್ಲ ದೊಡ್ಡವರದು. ಥರ್ಮಾಕೋಲಿನಲ್ಲಿ ಅರಮನೆ ಕಟ್ಟುವವರು, ಎಲೆ ಒಣಗಿಸಿ ಅಂಟಿಸುವವರು, ಹಸುವಿನ ಬಗ್ಗೆ ಪ್ರಬಂಧ ಬರೆಯುವವರು ಎಲ್ಲ ಅಪ್ಪಂದಿರೇ. ಯಾರ ಮಗು ಜಾಣ ಎನ್ನುವುದು ಯಾರ ಅಪ್ಪನಿಗೆ ಆಫೀಸಿನಲ್ಲಿ ಕೆಲಸ ಕಡಿಮೆ ಎನ್ನುವುದರ ಮೇಲೆ ನಿಂತಿತ್ತು. ಈ ಲೆಕ್ಕದಲ್ಲಿ ನಾಲ್ಕನೇ ತರಗತಿಯ ರಕ್ಷಿತಾ ಇಡೀ ಬೀದಿಗೇ ಜಾಣೆ. ಅವಳ ಅಪ್ಪ ಸಿದ್ದಲಿಂಗಸ್ವಾಮಿಗೆ ಆಫೀಸಿನಲ್ಲಿ ಕೆಲಸವೇ ಇರಲಿಲ್ಲ.

ಇದ್ದ ಕೆಲಸವೆಂದರೆ ಕಡತಗಳ ಮೇಲೆ ಟಿಪ್ಪಣಿ ಬರೆಯುವುದು. ಯಾವ ವಿಷಯವನ್ನೇ ಕೊಡಲಿ, ಅದರ ಬಗ್ಗೆ ಯಾರೂ ಏನೂ ತೀರ್ಮಾನ ಮಾಡಬೇಕಾಗಿಲ್ಲ ಅನ್ನುವಂತೆ ಒಂದೂವರೆ ಪುಟ ಬರೆಯಬಲ್ಲ ಗುಮಾಸ್ತ ಎಂದು ಅವನಿಗೆ ಹೆಸರಿತ್ತು. ಅದನ್ನು ಅವನು ಸಾಹಿತ್ಯ ಎಂದು ತಿಳಿದುಕೊಂಡಿದ್ದ. ಸರ್ಕಾರ ಸಂಬಳ ಕೊಟ್ಟು ತನ್ನೊಳಗಿನ ಲೇಖಕನನ್ನು ಕೊಂದಿದೆ ಎಂದು ಟೀ ಕುಡಿಯುವಾಗ ಹೇಳುತ್ತಿದ್ದ. ಸಂಬಳದ ದಿನ ಹೇಳುತ್ತಿರಲಿಲ್ಲ.

2002ರಲ್ಲಿ ರಕ್ಷಿತಾ ಓದುತ್ತಿದ್ದ ವಿದ್ಯಾಪ್ರಭಾ ಶಾಲೆಗೆ ದಿವ್ಯ ಎಂಬ ಹೊಸ ಟೀಚರ್ ಬಂದರು. ಆಗಷ್ಟೇ ತರಬೇತಿ ಮುಗಿಸಿದ್ದ ಹುಡುಗಿ. ಮಕ್ಕಳಿಗೆ ಸ್ವಂತ ಮಾತು ಇರುತ್ತದೆ, ಅದನ್ನು ಬರೆಯಲು ಕಲಿಸಬಹುದು ಎಂದೆಲ್ಲ ನಂಬಿಕೊಂಡಿದ್ದರು. ಹೊಸದರಲ್ಲಿ ಹಾಗೆ ಇರುತ್ತದೆ. ಅವರು ಕೊಟ್ಟ ಹೋಂವರ್ಕ್ ಇಷ್ಟು: ನಿನ್ನ ಬದುಕಿನಲ್ಲಿ ನಿಜವಾಗಿ ನಡೆದ ಒಂದು ಸಂಗತಿ ಬರೆ. ಮೊದಲು ಏನಾಯಿತು, ಆಮೇಲೆ ಏನಾಯಿತು, ಕೊನೆಗೆ ನಿನಗೆ ಏನನ್ನಿಸಿತು. ಒಂದು ಪುಟ ಸಾಕು. ದೊಡ್ಡವರ ಸಹಾಯ ಬೇಡ.

ಕೊನೆಯ ವಾಕ್ಯವನ್ನು ಬೀದಿಯ ಎಲ್ಲ ಅಪ್ಪಂದಿರೂ ಓದಿದರು. ಅಮ್ಮಂದಿರ ಸಹಾಯ ಬೇಡ ಎಂದು ಅರ್ಥ ಮಾಡಿಕೊಂಡರು.

ರಕ್ಷಿತಾ ಮಾತ್ರ ಅಪ್ಪ ಆಫೀಸಿನಿಂದ ಬರುವುದರೊಳಗೆ ತಾನೇ ಬರೆದು ಮುಗಿಸಿದ್ದಳು. ಬರೆದದ್ದು ಇಷ್ಟು: ಅಮ್ಮನ ಜೊತೆ ಸಿಟಿ ಬಸ್ಸಿನಲ್ಲಿ ಹೋಗುತ್ತಿದ್ದೆ. ಅಮ್ಮ ಪಕ್ಕದವರ ಜೊತೆ ಮಾತಾಡುತ್ತಾ ಇಳಿದುಬಿಟ್ಟರು. ನಾನು ಇಳಿಯಲಿಲ್ಲ. ಬಸ್ಸು ಹೊರಟಿತು. ಕಂಡಕ್ಟರ್ ನನ್ನನ್ನು ಕಿಟಕಿ ಪಕ್ಕ ಕೂರಿಸಿದರು. ನನಗೆ ಖುಷಿಯಾಯಿತು. ಕೊನೇ ಸ್ಟಾಪಿಗೆ ಅಮ್ಮ ಆಟೋದಲ್ಲಿ ಬಂದು ನನಗೆ ಹೊಡೆದರು. ಆಮೇಲೆ ಅವರೇ ಅತ್ತರು. ಪೆಟ್ಟು ಬಿದ್ದಿದ್ದು ನನಗೆ, ಅವರು ಯಾಕೆ ಅತ್ತರೋ ಗೊತ್ತಾಗಲಿಲ್ಲ.

ಸಿದ್ದಲಿಂಗಸ್ವಾಮಿ ಇದನ್ನು ನಿಂತುಕೊಂಡೇ ಓದಿ, ಕೂತುಕೊಂಡು ಇನ್ನೊಮ್ಮೆ ಓದಿದ. ಇದರಲ್ಲಿ ಸಾಧನೆ ಎಲ್ಲಿದೆ ಎಂದು ಕೇಳಿದ. ಬಸ್ಸಿನಲ್ಲಿ ಮರೆತುಹೋದ ಮಗುವಿನ ಬದುಕನ್ನು ಓದಿ ನಾಡಿಗೆ ಏನು ಪ್ರಯೋಜನ ಎಂದೂ ಕೇಳಿದ. ಅವನ ಹೆಂಡತಿ ಮಂಜುಳಮ್ಮನಿಗೆ ನಾಡಿನ ಚಿಂತೆ ಇರಲಿಲ್ಲ. ಆದರೆ ಮಗುವನ್ನು ಬಸ್ಸಿನಲ್ಲಿ ಬಿಟ್ಟು ಇಳಿದವಳು ಎಂದು ಶಾಲೆಯ ತನಕ ಗೊತ್ತಾಗುವುದು ಆಕೆಗೂ ಬೇಡವಾಗಿತ್ತು. ಹೀಗೆ ಆ ಮನೆಯಲ್ಲಿ ಎಷ್ಟೋ ದಿನಕ್ಕೆ ಗಂಡ ಹೆಂಡತಿ ಒಂದು ವಿಷಯದಲ್ಲಿ ಒಪ್ಪಿದರು. ಹಾಳೆಯನ್ನು ಹರಿದು ಹಾಕಲಾಯಿತು.

ಆತ್ಮಕಥೆ ಎಂದರೆ ಹೇಗಿರಬೇಕು ಎನ್ನುವುದರಲ್ಲಿ ಸಿದ್ದಲಿಂಗಸ್ವಾಮಿಗೆ ಗೊಂದಲವಿರಲಿಲ್ಲ. ಅವನು ಓದಿದ್ದು ಒಂದೇ ಆತ್ಮಕಥೆ. ಅದು ನಿವೃತ್ತ ಅಧಿಕಾರಿ ಸದಾಶಿವಯ್ಯನವರದು. ನಿವೃತ್ತರಾದ ಮೇಲೆ ಅವರು ತಮ್ಮ ಹೆಸರಿನಲ್ಲೇ ಒಂದು ಪ್ರತಿಷ್ಠಾನ ಮಾಡಿ, ತಮ್ಮ ಕೈಯಿಂದಲೇ ಪುಸ್ತಕ ಅಚ್ಚು ಹಾಕಿಸಿ, ಮೈಸೂರಿನ ಶಾಲೆಗಳಿಗೆಲ್ಲ ಹಂಚಿದ್ದರು. ಓಟದಲ್ಲಿ ಗೆದ್ದರೂ ಅದೇ ಬಹುಮಾನ, ರಂಗೋಲಿಯಲ್ಲಿ ಗೆದ್ದರೂ ಅದೇ. ರಕ್ಷಿತಾಗೆ ನಿಂಬೆಹಣ್ಣು ಚಮಚ ಸ್ಪರ್ಧೆಯಲ್ಲಿ ಬಂದಿತ್ತು. ಆ ಪುಸ್ತಕದಲ್ಲಿ ಅಧಿಕಾರಿಗಳು ಅಂಬಲಿ ಕುಡಿಯುತ್ತಾರೆ, ಹೊಳೆ ಈಜಿ ಶಾಲೆಗೆ ಹೋಗುತ್ತಾರೆ, ಬೀದಿದೀಪದ ಕೆಳಗೆ ಕೂತು ಓದುತ್ತಾರೆ. ಆಮೇಲೆ ಜೀಪು ಸಿಗುತ್ತದೆ.

ಸಿದ್ದಲಿಂಗಸ್ವಾಮಿ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಮಗಳ ಬದುಕನ್ನು ಬರೆಯಲು ಕೂತ. ಮೊದಲು ಅಭ್ಯಾಸಬಲದಿಂದ ‘ಸದರಿ ನಾನು ಮೈಸೂರು ನಗರದಲ್ಲಿ ಜನಿಸಿದ್ದು, ತತ್ಸಂಬಂಧ’ ಎಂದು ಶುರುವಾಯಿತು. ಅದನ್ನು ಹೊಡೆದುಹಾಕಿದ. ಅಂಬಲಿ ಬಂತು. ಹೊಳೆಯೂ ಬಂದಿತ್ತು, ಆದರೆ ಮನೆಗೂ ಶಾಲೆಗೂ ನಡುವೆ ನೀರು ಎನ್ನುವುದಿದ್ದರೆ ಅದು ಮೋರಿಯೊಂದೇ ಆದ್ದರಿಂದ, ಸತ್ಯಕ್ಕೆ ನಿಷ್ಠನಾಗಿ, ಅದನ್ನು ತೆಗೆದ. ಬೀದಿದೀಪದ ಜಾಗದಲ್ಲಿ ಅವನ ಪೆನ್ನು ನಿಲ್ಲಲೇ ಇಲ್ಲ. ‘ನಮ್ಮ ಮನೆಯಲ್ಲಿ ಬೆಳಕಿಲ್ಲ. ಆದರೆ ನನ್ನ ಎದೆಯಲ್ಲಿದೆ. ಸಂಜೆಯಾದರೆ ಪುಸ್ತಕ ಹಿಡಿದು ಬೀದಿಯ ಕಂಬದ ಕೆಳಗೆ ಕೂರುತ್ತೇನೆ. ದಾರಿಯಲ್ಲಿ ಹೋಗುವವರು ಮರುಗುತ್ತಾರೆ. ನಾನು ಮರುಗುವುದಿಲ್ಲ.’ ಬರೆದು ಮುಗಿಸಿದಾಗ ಅವನ ಕಣ್ಣು ಒದ್ದೆಯಾಗಿತ್ತು. ತಾನು ಇಷ್ಟು ಬಡವನಾಗಿದ್ದು ಅವನಿಗೇ ಗೊತ್ತಿರಲಿಲ್ಲ.

ರಕ್ಷಿತಾ ದುಂಡಗೆ ನಕಲು ಮಾಡಿ, ಮರುಗುವುದು ಅಂದರೇನು ಎಂದು ಕೇಳಿದಳು. ಪರೀಕ್ಷೆಗೆ ಅದು ಬರುವುದಿಲ್ಲ ಎಂದ ಸಿದ್ದಲಿಂಗಸ್ವಾಮಿ.

ಶಾಲೆಯಲ್ಲಿ ದಿವ್ಯ ಮಿಸ್ ಅದನ್ನು ಓದಿ ರಕ್ಷಿತಾಳನ್ನು ಪಕ್ಕಕ್ಕೆ ಕರೆದು ಮನೆಯಲ್ಲಿ ಕರೆಂಟ್ ಇಲ್ಲವಾ ಎಂದು ವಿಚಾರಿಸಿದರು. ಟಿವಿ ಇದೆ, ಮಿಕ್ಸಿ ಇದೆ, ಆದರೆ ಮಿಕ್ಸಿ ರಿಪೇರಿಗೆ ಹೋಗಿದೆ ಎಂದು ಉತ್ತರ ಬಂತು. ಮಿಸ್ ಆ ಹಾಳೆಗೆ ಸೊನ್ನೆ ಕೊಟ್ಟು ಇನ್ನೊಂದು ಬರೆಸಬೇಕೆಂದಿದ್ದರು. ಅಷ್ಟರಲ್ಲಿ ಹೆಡ್‌ಮಿಸ್ ನಾಲ್ಕನೇ ತರಗತಿಯ ಹಾಳೆಗಳನ್ನೆಲ್ಲ ತರಿಸಿಕೊಂಡರು. ಸದಾಶಿವಯ್ಯನವರ ಪ್ರತಿಷ್ಠಾನ ಮಕ್ಕಳ ಆತ್ಮಕಥೆಗೆ ಒಂದು ಬಹುಮಾನ ಇಟ್ಟಿತ್ತು. ಶಾಲೆಗೆ ಒಂದು ಕೊಠಡಿ ಕಟ್ಟಿಸಿಕೊಡುವ ಮಾತೂ ಪ್ರತಿಷ್ಠಾನದ ಬಾಯಿಂದ ಬಂದಿತ್ತು. ಸದಾಶಿವಯ್ಯನವರು ಹಾಳೆಗಳನ್ನು ಒಂದೊಂದಾಗಿ ತಿರುವಿ, ಬೀದಿದೀಪದ ಹತ್ತಿರ ಬಂದು ನಿಂತರು. ಕನ್ನಡಕ ತೆಗೆದು ಒರೆಸಿಕೊಂಡರು. ಇಷ್ಟು ಚೆನ್ನಾಗಿ ಬರೆದದ್ದನ್ನು ತಾವು ಇತ್ತೀಚೆಗೆ ಓದಿಯೇ ಇಲ್ಲ ಎಂದರು. ಓದಿದ್ದರು. ಬರೆದೂ ಇದ್ದರು.

ದಿವ್ಯ ಮಿಸ್ ಅನುಮಾನ ಹೇಳಿದಾಗ ಹೆಡ್‌ಮಿಸ್ ಒಂದು ಬೋಧನಾಶಾಸ್ತ್ರೀಯ ಸತ್ಯ ತಿಳಿಸಿದರು. “ನಿಮಗೆ ಮಗು ಮುಖ್ಯಾನೋ ಕೊಠಡಿ ಮುಖ್ಯಾನೋ?”

ಬಹುಮಾನದ ಸುದ್ದಿ ಬಂದ ದಿನ ಸಿದ್ದಲಿಂಗಸ್ವಾಮಿ ಆಫೀಸಿಗೆ ಪೇಡ ಹಂಚಿದ. ಇಷ್ಟಕ್ಕೆ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಅವನಿಗೆ ಗೊತ್ತಿದ್ದ ಒಬ್ಬರು ಊರಿನ ಒಂದು ಸಂಜೆ ಪತ್ರಿಕೆಯಲ್ಲಿದ್ದರು. ಅವರು ಬಂದು, ಕಂಬದ ಕೆಳಗೆ ಚಾಪೆ ಹಾಸಿ, ರಕ್ಷಿತಾಳ ಕೈಗೆ ಪುಸ್ತಕ ಕೊಟ್ಟು, ಕೂದಲು ಸ್ವಲ್ಪ ಕೆದರಿ, ಫೋಟೋ ತೆಗೆದುಕೊಂಡು ಹೋದರು. ಮಾರನೇ ದಿನ ಆತ್ಮಕಥೆ ಪೂರ್ತಿ ಅಚ್ಚಾಯಿತು. ‘ಬೀದಿದೀಪವೇ ಗುರು’ ಎಂದು ದಪ್ಪಕ್ಷರದಲ್ಲಿ ತಲೆಬರಹ. ಕೆಳಗೆ, ಈಕೆ ಸರ್ಕಾರಿ ನೌಕರ ಸಿದ್ದಲಿಂಗಸ್ವಾಮಿಯವರ ಪುತ್ರಿ ಎಂಬ ಮಾಹಿತಿ. ಇದನ್ನು ಅವನೇ ಒತ್ತಾಯ ಮಾಡಿ ಹಾಕಿಸಿದ್ದ.

ಮೊದಲು ಬಂದವರು ಎದುರುಮನೆಯ ಪುಟ್ಟತಾಯಮ್ಮ, ಒಂದು ಸ್ಟೀಲ್ ಡಬ್ಬಿಯಲ್ಲಿ ಚಿತ್ರಾನ್ನ ಹಿಡಿದುಕೊಂಡು. ಮಂಜುಳಮ್ಮ ಬಾಗಿಲಿಗೆ ಬಂದರೆ, ಆಕೆಯನ್ನು ದಾಟಿಕೊಂಡು ಒಳಗೆ ಹೋಗಿ ರಕ್ಷಿತಾಳ ಕೆನ್ನೆ ಹಿಡಿದು, ಪಕ್ಕದಲ್ಲೇ ಇದ್ದೂ ನಮಗೆ ಗೊತ್ತಾಗಲಿಲ್ಲವಲ್ಲ ಮಗಾ ಎಂದು ಕಣ್ಣೀರು ಹಾಕಿದರು. ಆ ಹೊತ್ತಿಗೆ ರಕ್ಷಿತಾ ಟಿವಿ ಮುಂದೆ ಕೂತು ಒಬ್ಬಟ್ಟು ತಿನ್ನುತ್ತಿದ್ದಳು. ಪುಟ್ಟತಾಯಮ್ಮ ಅದನ್ನೂ ನೋಡಿದರು, ಟಿವಿಯನ್ನೂ ನೋಡಿದರು. ಆದರೆ ಪೇಪರಿನಲ್ಲಿ ಅಚ್ಚಾಗಿರುವಾಗ ಕಣ್ಣಿಗೆ ಕಂಡದ್ದನ್ನು ನಂಬುವಷ್ಟು ಅವಿದ್ಯಾವಂತೆ ಅಲ್ಲ ಅವರು.

ಪುಟ್ಟತಾಯಮ್ಮನ ಗಂಡ ಚೆಲುವರಾಜು ಮಾತ್ರ ಅಳಲಿಲ್ಲ. ಆತ ಉರಿದುಬಿದ್ದ. ಕಾರಣ ಆ ಕಂಬ. ಅದರ ದೀಪ ಕೆಟ್ಟು ವರ್ಷಗಳೇ ಆಗಿದ್ದವು. ದೀಪ ಹಾಕಿಸಿ ಎಂದು ಚೆಲುವರಾಜು ಕಾರ್ಪೊರೇಷನ್ನಿಗೆ ಅಲೆಯದ ದಿನವಿಲ್ಲ. ಕೊನೆಗೂ ಕಡತ ಮೇಲಕ್ಕೆ ಹೋಗಿ, ಹೊಸ ದೀಪ ಮಂಜೂರಾಗುವ ಹಂತ ತಲುಪಿತ್ತು. ಆಗ ಪತ್ರಿಕೆ ಬಂತು. ಕಾರ್ಪೊರೇಷನ್ನಿನವರು ಆ ತುಂಡನ್ನು ಕತ್ತರಿಸಿ ಕಡತಕ್ಕೆ ಅಂಟಿಸಿ, ಸದರಿ ದೀಪದ ಕೆಳಗೆ ಮಗುವೊಂದು ವ್ಯಾಸಂಗ ಮಾಡಿ ಬಹುಮಾನ ಪಡೆದಿರುವುದರಿಂದ ದೀಪ ಸುಸ್ಥಿತಿಯಲ್ಲಿರುವುದು ದೃಢಪಟ್ಟಿದೆ ಎಂದು ಬರೆದು ಅರ್ಜಿಯನ್ನು ಮುಕ್ತಾಯ ಮಾಡಿದರು. ನೀವೇ ಬಂದು ಕಣ್ಣಾರೆ ನೋಡಿ ಎಂದು ಚೆಲುವರಾಜು ಕೂಗಾಡಿದ್ದಕ್ಕೆ, ಬಡಮಗುವಿನ ಏಳಿಗೆ ಕಂಡು ಹೊಟ್ಟೆ ಉರಿದುಕೊಳ್ಳಬಾರದು ಎಂದು ಅಲ್ಲಿನ ಗುಮಾಸ್ತ ಬುದ್ಧಿ ಹೇಳಿ ಕಳಿಸಿದ.

ಚೆಲುವರಾಜು ನೇರವಾಗಿ ಸಿದ್ದಲಿಂಗಸ್ವಾಮಿಯ ಗೇಟಿಗೆ ಬಂದ. ಕತ್ತಲಲ್ಲಿ ಕಾಲು ಮುರಿದುಕೊಂಡವರ ಹೆಸರೆಲ್ಲ ಹೇಳಿ, ಸುಳ್ಳು ಎಂದು ಬರೆದುಕೊಡು ಎಂದ. ಸಿದ್ದಲಿಂಗಸ್ವಾಮಿ ಸಾಹಿತ್ಯವನ್ನು ಹಾಗೆ ಅಕ್ಷರಶಃ ತೆಗೆದುಕೊಳ್ಳಬಾರದು ಎಂದ.

“ಸಾಹಿತ್ಯ ಮನೇಲಿ ಇಟ್ಕಳಯ್ಯ,” ಎಂದ ಚೆಲುವರಾಜು. “ನನ್ನ ಕಂಬ ಯಾಕ್ ಮುಟ್ಟಕ್ಕೋದೆ?”

ಆದರೂ ಸಿದ್ದಲಿಂಗಸ್ವಾಮಿ ಬರೆದುಕೊಡಲಿಲ್ಲ. ಬರೆದುಕೊಟ್ಟರೆ ಮಗಳ ಬಹುಮಾನ ಹೋಗುತ್ತದೆ, ಸುಳ್ಳುಗಾರ ಎನ್ನುವ ಹೆಸರು ಬರುತ್ತದೆ. ಬಹುಮಾನಕ್ಕಿಂತ ಹೆಚ್ಚಾಗಿ, ಅದನ್ನು ಬರೆದವನು ತಾನು ಎಂದು ಹೇಳಿಕೊಳ್ಳುವ ಆಸೆಯೊಂದು ಅವನ ಗಂಟಲಲ್ಲಿತ್ತು. ಹೇಳಿಕೊಂಡರೆ ಅಪರಾಧ, ಹೇಳಿಕೊಳ್ಳದಿದ್ದರೆ ಹಿಂಸೆ.

ಆಫೀಸಿನಲ್ಲಿ ವಿಷಯ ಬೇರೆ ದಾರಿ ಹಿಡಿದಿತ್ತು. ಅಲ್ಲಿಯ ಸೂಪರಿಂಟೆಂಡೆಂಟ್ ಚಿಕ್ಕಮಾದಯ್ಯ ಪೇಡ ತಿನ್ನುವಾಗ ಹೊಗಳಿದ್ದವರು, ಪತ್ರಿಕೆ ಓದಿದ ಮೇಲೆ ಗಂಭೀರವಾದರು. ಅವರ ತರ್ಕ ಸರಳ. ಇವನಿಗೂ ನಮಗೂ ಸಂಬಳ ಒಂದೇ. ಮೇಲಿನ ಆದಾಯವೂ ಹೆಚ್ಚುಕಡಿಮೆ ಒಂದೇ. ನಮ್ಮ ಮಕ್ಕಳು ಟ್ಯೂಬ್‌ಲೈಟಿನಲ್ಲಿ ಓದುತ್ತವೆ, ಇವನದು ಬೀದಿಯಲ್ಲಿ. ಹಾಗಾದರೆ ಇವನ ದುಡ್ಡು ಎಲ್ಲಿಗೆ ಹೋಗುತ್ತಿದೆ? ಕುಡಿಯುವುದಿಲ್ಲ, ಕುಡಿಯುತ್ತಿದ್ದರೆ ಜೊತೆಗೆ ನಾವು ಇರುತ್ತಿದ್ದೆವು. ಇಸ್ಪೀಟು ಆಡುವುದಿಲ್ಲ, ಅದಕ್ಕೂ ಅದೇ ಕಾರಣ. ಉಳಿದದ್ದು ಒಂದೇ. ಊಟದ ವಿರಾಮದಲ್ಲಿ ಕಲೆತ ಮೂರು ಟೇಬಲ್ಲಿನವರು ಅವನಿಗೆ ಇನ್ನೊಂದು ಸಂಸಾರ ಇದೆ ಎಂದು ಒಮ್ಮತದ ನಿರ್ಣಯಕ್ಕೆ ಬಂದರು. ಆ ಆಫೀಸಿನ ಇತಿಹಾಸದಲ್ಲಿ ಅಷ್ಟು ಬೇಗ ಇನ್ನಾವ ನಿರ್ಣಯವೂ ಆಗಿರಲಿಲ್ಲ.

ಸಂಜೆಯ ಹೊತ್ತಿಗೆ ಆ ಸಂಸಾರಕ್ಕೆ ಸಿದ್ಧಾರ್ಥನಗರದಲ್ಲಿ ಬಾಡಿಗೆ ಮನೆ ಸಿಕ್ಕಿತ್ತು. ಸಿದ್ಧಾರ್ಥನಗರವೇ ಯಾಕೆ ಎಂದು ಯಾರೂ ಕೇಳಲಿಲ್ಲ. ಸರಸ್ವತಿಪುರದಿಂದ ಸಾಕಷ್ಟು ದೂರ, ಬಸ್ ಅನುಕೂಲ ಚೆನ್ನಾಗಿದೆ, ನೀರೂ ಪರವಾಗಿಲ್ಲ. ಆಕೆ ಟೈಪಿಸ್ಟ್ ಎಂದು ಒಬ್ಬ, ಅಲ್ಲ ನರ್ಸ್ ಎಂದು ಇನ್ನೊಬ್ಬ. ಚಿಕ್ಕಮಾದಯ್ಯ ಮಧ್ಯಸ್ಥಿಕೆ ಮಾಡಿ ನರ್ಸ್ ಎಂದು ಮಾಡಿದರು. ಅವರು ಸಿದ್ದಲಿಂಗಸ್ವಾಮಿಯನ್ನು ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು.

“ನೋಡು ಸ್ವಾಮಿ, ಗಂಡಸಾದ ಮೇಲೆ ಏನೇನೋ ಇರ್ತದೆ,” ಎಂದರು. “ಬೇಡ ಅನ್ನಲ್ಲ. ಆದ್ರೆ ಮೊದಲನೇ ಮನೆಗೆ ಒಂದು ಬಲ್ಬು ಹಾಕ್ಸಯ್ಯ.”

ಸಿದ್ದಲಿಂಗಸ್ವಾಮಿಗೆ ತಲೆಬುಡ ತಿಳಿಯಲಿಲ್ಲ. ತಿಳಿಯದ ವಿಷಯ ಮೇಲಧಿಕಾರಿ ಹೇಳಿದಾಗ ಏನು ಮಾಡಬೇಕೋ ಅದನ್ನೇ ಮಾಡಿದ. ಆಗಲಿ ಸಾರ್, ಕ್ರಮ ಕೈಗೊಳ್ಳುತ್ತೇನೆ ಎಂದ. ಹೊರಗೆ ಕಿವಿ ಇಟ್ಟಿದ್ದವರಿಗೆ ಇದು ತಪ್ಪೊಪ್ಪಿಗೆಯಾಗಿ ಕೇಳಿಸಿತು.

ಇನ್ನೊಂದು ಸಂಸಾರದ ಸುದ್ದಿ ಹಾಲಿನವನ ಮೂಲಕವೋ ಬೇರೆ ಯಾರ ಮೂಲಕವೋ ಸರಸ್ವತಿಪುರಕ್ಕೆ ಬಂತು. ಪುಟ್ಟತಾಯಮ್ಮ ಅದನ್ನು ಮಂಜುಳಮ್ಮನಿಗೆ ಮುಟ್ಟಿಸಿದರು, ನಾನು ಹೇಳಿದೆ ಅಂತ ಹೇಳಬೇಡ ಕಣಮ್ಮ ಎಂದು. ಮಂಜುಳಮ್ಮ ಮೊದಲು ನಕ್ಕಳು. ಆಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಯೋಚಿಸಿದಳು. ಮನೆಯಲ್ಲಿ ಬೆಳಕಿಲ್ಲ ಎಂದು ಈತ ಬರೆದದ್ದು ಯಾಕೆ? ಆ ಕತ್ತಲೆ ಅನ್ನೋದು ಎಲ್ಲಿಂದ ಬಂತು? ತನ್ನ ಮನೆಯ ಅಂಬಲಿ ಇವನಿಗೆ ರುಚಿಸದೆ, ಇನ್ನೆಲ್ಲೋ ಅನ್ನ ಸಾರು ಸಿಗುತ್ತಿರಬಹುದೇ? ಆ ಮನೆಯಲ್ಲಿ ಅಂಬಲಿ ಕಾಸಿದ್ದೇ ಇಲ್ಲ ಎನ್ನುವುದು ಆಗ ಆಕೆಗೆ ಹೊಳೆಯಲಿಲ್ಲ. ಗಂಡ ಬರೆದ ಸುಳ್ಳಿನ ಒಳಗೇ ಕೂತು ಆಕೆ ಅಳುತ್ತಿದ್ದಳು.

ಗಂಡ ಬಂದೊಡನೆ ಕೇಳಿದಳು. ಅವನು ಸುಳ್ಳು ಎಂದ. ಯಾವುದು ಸುಳ್ಳು, ಪೇಪರಿನದೋ ಸಿದ್ಧಾರ್ಥನಗರದ್ದೋ ಎಂದಳು. ಎರಡೂ ಎಂದ. ಒಂದು ಸುಳ್ಳನ್ನು ಅಷ್ಟು ಚಂದ ಹೇಳಿದವನು ಇನ್ನೊಂದನ್ನು ಹೇಳುವುದಿಲ್ಲ ಎಂದು ಏನು ಗ್ಯಾರಂಟಿ ಎಂದಳು. ಈ ಪ್ರಶ್ನೆಗೆ ಒಂದೂವರೆ ಪುಟದ ಟಿಪ್ಪಣಿಯಲ್ಲಿ ಉತ್ತರ ಕೊಡಬಹುದಿತ್ತು. ಬಾಯಲ್ಲಿ ಅವನಿಗೆ ಬರಲಿಲ್ಲ.

ಮರುದಿನ ಮಂಜುಳಮ್ಮನ ತಮ್ಮ ಮಹೇಶ್ ನಂಜನಗೂಡಿನಿಂದ ಬಂದಿಳಿದ. ಅಲ್ಲಿ ಅವನದು ಪೈಪಿನ ಅಂಗಡಿ. ಮಾತೂ ಪೈಪಿನ ಹಾಗೇ ನೇರ. ಬರುವಾಗ ಒಂದು ಮೂಟೆ ಅಕ್ಕಿ, ಒಂದು ಎಮರ್ಜೆನ್ಸಿ ಲ್ಯಾಂಪು ತಂದಿದ್ದ. ಎರಡನ್ನೂ ಬೀದಿಗೆಲ್ಲ ಕಾಣುವಂತೆ ಜಗಲಿ ಮೇಲೆ ಇಟ್ಟ. ಒಳಗೆ ಬಂದು ಸ್ವಿಚ್ಚುಗಳನ್ನೆಲ್ಲ ಒತ್ತಿ ನೋಡಿದ. ಎಲ್ಲ ದೀಪವೂ ಹತ್ತಿದವು. ಅದರಿಂದ ಅವನ ಸಿಟ್ಟು ಇನ್ನೂ ಹೆಚ್ಚಾಯಿತು. ಕರೆಂಟ್ ಇದ್ದೂ ಮಗುವನ್ನು ಬೀದಿಯಲ್ಲಿ ಕೂರಿಸುವವನು ಎಂಥ ಕಟುಕ ಎಂದು ಭಾವನ ಮುಖ ನೋಡಿ ಕೇಳಿದ.

ಕೊನೆಗೆ ತೀರ್ಮಾನವಾದದ್ದು ಇದು. ಶಾಲೆಯ ವಾರ್ಷಿಕೋತ್ಸವದಲ್ಲಿ ಬಹುಮಾನ ಕೊಡುತ್ತಾರೆ. ಊರೆಲ್ಲ ಅಲ್ಲಿರುತ್ತದೆ. ಸಿದ್ದಲಿಂಗಸ್ವಾಮಿ ವೇದಿಕೆ ಹತ್ತಿ, ಮೈಕಿನಲ್ಲಿ, ಆತ್ಮಕಥೆ ತನ್ನ ಕಟ್ಟುಕಥೆ ಎಂದು ಹೇಳಬೇಕು. ಹೇಳಿದರೆ ಮಂಜುಳಮ್ಮ ಮನೆಗೆ ಬರುತ್ತಾಳೆ. ಹೇಳದಿದ್ದರೆ ಶಾಲೆಯ ಗೇಟಿನಿಂದಲೇ ಮಗಳ ಸಮೇತ ನಂಜನಗೂಡಿಗೆ. ಬಟ್ಟೆಬರೆ ತುಂಬಿದ ಬ್ಯಾಗನ್ನು ಮಹೇಶ್ ಮೊದಲೇ ತನ್ನ ಹೆಗಲಿಗೆ ಹಾಕಿಕೊಂಡ. ಸಿದ್ದಲಿಂಗಸ್ವಾಮಿಗೆ ಉಳಿದ ಆಯ್ಕೆ ಎರಡು. ಸಂಸಾರ ಇರುವ ಸುಳ್ಳುಗಾರ ಆಗುವುದು, ಇಲ್ಲವೇ ಸಂಸಾರ ಇಲ್ಲದ ಸಾಹಿತಿ ಆಗುವುದು. ಹೋಟೆಲ್ ಊಟ ಅವನ ಮೈಗೆ ಆಗುತ್ತಿರಲಿಲ್ಲ.

ವಾರ್ಷಿಕೋತ್ಸವದ ದಿನ ಶಾಮಿಯಾನದ ಕೆಳಗೆ ಕುರ್ಚಿ ಸಾಲದೆ ಜನ ಕಾಂಪೌಂಡ್ ಮೇಲೂ ಕೂತಿದ್ದರು. ಚಿಕ್ಕಮಾದಯ್ಯ ಆಫೀಸಿನ ಅರ್ಧ ಸಿಬ್ಬಂದಿ ಕರೆದುಕೊಂಡು ಬಂದಿದ್ದರು. ನರ್ಸ್ ಬಂದಿರಬಹುದೇ ಎಂದು ಅವರು ಹೆಂಗಸರ ಸಾಲನ್ನು ಒಂದು ಕಡೆಯಿಂದ ಪರಿಶೀಲಿಸುತ್ತಿದ್ದರು. ಚೆಲುವರಾಜು ಮುಂದಿನ ಸಾಲಿನಲ್ಲಿ, ವೇದಿಕೆ ಮೇಲಿದ್ದ ವಾರ್ಡಿನ ಕಾರ್ಪೊರೇಟರ್‌ಗೆ ಕಣ್ಣಿಗೆ ಕಣ್ಣು ಕೊಟ್ಟು ಕೂತಿದ್ದ. ನಡುವೆ ದೊಡ್ಡ ಕುರ್ಚಿಯಲ್ಲಿ ಸದಾಶಿವಯ್ಯನವರು, ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಸಮೇತ.

ಬಹುಮಾನಕ್ಕೆ ಮೊದಲು ತಂದೆಯವರು ಎರಡು ಮಾತಾಡುತ್ತಾರಂತೆ ಎಂದು ಹೆಡ್‌ಮಿಸ್ ಹೇಳಿದರು. ಕೊಠಡಿ ಕಟ್ಟಿಸಿಕೊಡುವವರನ್ನು ಹೊಗಳುತ್ತಾನೆ ಎಂದು ಅವರು ತಿಳಿದಿದ್ದರು. ಸಿದ್ದಲಿಂಗಸ್ವಾಮಿ ಮೈಕ್ ಹಿಡಿದುಕೊಂಡ. ಹೆಣ್ಣುಮಕ್ಕಳ ಸಾಲಿನಲ್ಲಿ ಮಂಜುಳಮ್ಮ ಸೆರಗು ಬಿಗಿ ಹಿಡಿದು ನೋಡುತ್ತಿದ್ದಳು. ಗೇಟಿನ ಹತ್ತಿರ ಮಹೇಶನ ಹೆಗಲ ಮೇಲೆ ಬ್ಯಾಗಿತ್ತು.

“ಈ ಆತ್ಮಕಥೆ ಬರೆದದ್ದು ನಾನು,” ಎಂದ. “ನನ್ನ ಮಗಳು ಯಾವತ್ತೂ ಬೀದಿದೀಪದ ಕೆಳಗೆ ಓದಿಲ್ಲ. ಮನೇಲಿ ಟ್ಯೂಬ್‌ಲೈಟ್ ಇದೆ. ನಾವು ಅಂಬಲಿ ಕುಡಿಯೋದಿಲ್ಲ. ಇದೆಲ್ಲ ಸದಾಶಿವಯ್ಯನವರ ಪುಸ್ತಕ ನೋಡಿ ಬರೆದದ್ದು. ಕ್ಷಮಿಸಬೇಕು.”

ಅವನ ಬದುಕಿನಲ್ಲೇ ಅವನು ಇಷ್ಟು ಚಿಕ್ಕದಾಗಿ, ಅರ್ಥವಾಗುವ ಹಾಗೆ ಏನನ್ನೂ ಹೇಳಿರಲಿಲ್ಲ. ಶಾಮಿಯಾನ ಗಪ್‌ಚುಪ್ ಆಯಿತು. ಆ ಮೌನದಲ್ಲಿ, ಮೊಮ್ಮಗನ ಕೋಲಾಟ ನೋಡಲು ಬಂದಿದ್ದ ಪುಟ್ಟಮಾದಯ್ಯ ಎಂಬ ಮುದುಕರು ಪಕ್ಕದವರಿಗೆ ಹೇಳಿದ ಮಾತು ಎಲ್ಲರಿಗೂ ಕೇಳಿಸಿತು. ಅವರು ಸದಾಶಿವಯ್ಯನವರ ಊರಿನವರೇ, ಒಂದೇ ಕ್ಲಾಸಿನಲ್ಲಿ ಓದಿದವರು.

“ಬೀದಿದೀಪ ಎಲ್ಲಿತ್ತಪ್ಪಾ? ನಮ್ಮೂರಿಗೆ ಕರೆಂಟ್ ಬಂದಾಗ ಇವ್ನಿಗೆ ಎರಡು ಮಕ್ಕಳಾಗಿದ್ವು.”

ನಗು ಹಿಂದಿನ ಸಾಲಿನಿಂದ ಶುರುವಾಗಿ ಮುಂದಕ್ಕೆ ಬರುತ್ತಿತ್ತು. ಸದಾಶಿವಯ್ಯನವರು ಅದು ವೇದಿಕೆ ತಲುಪುವ ಮೊದಲೇ ಎದ್ದರು. ಮೂವತ್ತು ವರ್ಷ ಅಧಿಕಾರಿಯಾಗಿದ್ದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಕೆಳಗಿನವನ ಸುಳ್ಳು ಬಿದ್ದರೆ ಮೇಲಿನವನದೂ ನಿಲ್ಲುವುದಿಲ್ಲ. ಅವರು ಸಿದ್ದಲಿಂಗಸ್ವಾಮಿಯ ಕೈಯಿಂದ ಮೈಕ್ ಕಿತ್ತುಕೊಂಡು, ಅವನ ಬೆನ್ನಿನ ಮೇಲೆ ಕೈ ಇಟ್ಟರು.

ಈ ತಂದೆಯ ಸ್ವಾಭಿಮಾನ ನೋಡಿ ಎಂದರು. ತನ್ನ ಬಡತನ ಜಗತ್ತಿಗೆ ಗೊತ್ತಾಯಿತಲ್ಲ ಎನ್ನುವ ಸಂಕಟದಿಂದ, ಬಹುಮಾನವನ್ನೇ ಬೇಡ ಎನ್ನುತ್ತಿದ್ದಾನೆ. ಟ್ಯೂಬ್‌ಲೈಟ್ ಇದೆಯಂತೆ. ನನ್ನ ತಂದೆಯೂ ಹೀಗೇ ಹೇಳುತ್ತಿದ್ದರು. ಸಿದ್ದಲಿಂಗಸ್ವಾಮಿ ಇಲ್ಲ ಸಾರ್, ನಿಜವಾಗಿಯೂ ಇದೆ ಎಂದು ಬಗ್ಗಿ ಮೈಕಿಗೆ ಹೇಳಿದ. ಹೆಡ್‌ಮಿಸ್ ಕಣ್ಣು ಒರೆಸಿಕೊಂಡರು. ಸಭೆ ಚಪ್ಪಾಳೆ ತಟ್ಟಿತು. ಕೆಲವರು ಪುಟ್ಟಮಾದಯ್ಯನವರ ಕಡೆ ತಿರುಗಿ ಬಾಯಿ ಮುಚ್ಚುವಂತೆ ಸನ್ನೆ ಮಾಡಿದರು.

ಇಷ್ಟಕ್ಕೆ ಬಿಡದೆ ಸದಾಶಿವಯ್ಯನವರು ರಕ್ಷಿತಾಳನ್ನು ಹತ್ತಿರ ಕರೆದು, ಮಗು ಸುಳ್ಳು ಹೇಳುವುದಿಲ್ಲ, ಅದರ ಬಾಯಲ್ಲೇ ಕೇಳೋಣ ಎಂದರು. ದಿವ್ಯ ಮಿಸ್ ವೇದಿಕೆಯ ಪಕ್ಕದಲ್ಲಿ ನಿಂತು, ನಿಜ ಹೇಳು, ಏನೂ ಆಗಲ್ಲ ಎನ್ನುವಂತೆ ತಲೆ ಅಲ್ಲಾಡಿಸಿದರು.

“ಕಂಬದ ಕೆಳಗೆ ಪುಸ್ತಕ ಹಿಡ್ಕೊಂಡು ಕೂತಿದ್ದೆಯಾ ಇಲ್ವಾ, ಹೇಳು ಪುಟ್ಟಿ.”

“ಕೂತಿದ್ದೆ,” ಎಂದಳು ರಕ್ಷಿತಾ. “ಫೋಟೋ ತೆಗೀವಾಗ. ಆದ್ರೆ ಆ ದೀಪ ಉರಿಯೋದೇ ಇಲ್ಲ ತಾತ. ಕೆಟ್ಟೋಗಿದೆ.”

ಚೆಲುವರಾಜು ಕುರ್ಚಿಯಿಂದ ಎದ್ದು ನಿಂತು, ಕೇಳಿಸ್ತಾ ಸ್ವಾಮಿ ಎಂದು ಕಾರ್ಪೊರೇಟರ್ ಕಡೆ ಬೆರಳು ತೋರಿಸಿದ. ಕಾರ್ಪೊರೇಟರ್ ಹಣ್ಣಿನ ಬುಟ್ಟಿಯ ಹಿಂದೆ ಸರಿದರು. ಇನ್ನು ಮುಗಿಯಿತು ಎಂದು ಸಿದ್ದಲಿಂಗಸ್ವಾಮಿ ಉಸಿರು ಬಿಟ್ಟ. ಆದರೆ ಸದಾಶಿವಯ್ಯನವರ ಮುಖದಲ್ಲಿ ಒಂದು ಬೆಳಕು ಮೂಡುತ್ತಿತ್ತು.

“ಉರಿಯುವ ದೀಪದ ಕೆಳಗೆ ನನ್ನಂಥವರು ಓದಿದೆವು,” ಎಂದರು, ಒಂದೊಂದು ಪದವನ್ನೂ ತೂಗಿ. “ಈ ಮಗು ಉರಿಯದ ದೀಪದ ಕೆಳಗೆ ಓದಿದೆ.”

ಶಾಮಿಯಾನ ಕಿತ್ತುಹೋಗುವಷ್ಟು ಚಪ್ಪಾಳೆ. ಪುಟ್ಟತಾಯಮ್ಮ ಗಟ್ಟಿಯಾಗಿ ಅತ್ತರು. ದಿವ್ಯ ಮಿಸ್ ವೇದಿಕೆಯ ಪಕ್ಕದಿಂದ ಎಲ್ಲಿಗೋ ಹೊರಟುಹೋದರು. ಬಹುಮಾನವೆಂದು ಸದಾಶಿವಯ್ಯನವರ ಆತ್ಮಕಥೆಯ ಎರಡನೇ ಮುದ್ರಣವನ್ನು ಮಗುವಿನ ಕೈಗಿತ್ತು, ಕೊಠಡಿಯ ಘೋಷಣೆಯನ್ನೂ ಮಾಡಲಾಯಿತು. ಸಿದ್ದಲಿಂಗಸ್ವಾಮಿ ಸತ್ಯವನ್ನೇ ಹೇಳಿದ್ದ, ಸಾಕ್ಷಿಯೂ ಸತ್ಯವನ್ನೇ ಹೇಳಿತ್ತು. ಆ ಎರಡನ್ನೂ ಕೂಡಿಸಿ ಊರು ತನಗೆ ಬೇಕಾದ ಸುಳ್ಳನ್ನು ಮಾಡಿಕೊಂಡು ಮನೆಗೆ ಹೊರಟಿತು.

ಗೇಟಿನಲ್ಲಿ ಮಹೇಶ್ ಆಟೋ ನಿಲ್ಲಿಸಿಕೊಂಡು ಕಾದಿದ್ದ. ಅವನ ಪ್ರಕಾರ ಷರತ್ತು ಪೂರೈಸಿರಲಿಲ್ಲ. ಭಾವ ಹೇಳಿದ್ದನ್ನು ಯಾರೂ ನಂಬಲಿಲ್ಲವಲ್ಲ, ನಂಬದ ಮೇಲೆ ಹೇಳಿದರೆಷ್ಟು ಬಿಟ್ಟರೆಷ್ಟು, ಸಿದ್ಧಾರ್ಥನಗರದ್ದು ಇದ್ದೇ ಇದೆ ಎಂದ. ಚಿಕ್ಕಮಾದಯ್ಯನವರೂ ಆಫೀಸಿನವರೂ ಚೆಲುವರಾಜು ಪುಟ್ಟತಾಯಮ್ಮನೂ ಸುತ್ತ ನಿಂತರು. ಯಾರಿಗೂ ಮನೆಗೆ ಹೋಗುವ ಅವಸರವಿರಲಿಲ್ಲ. ಸಿದ್ದಲಿಂಗಸ್ವಾಮಿ ಹೆಂಡತಿಯ ಮುಖವನ್ನೇ ನೋಡುತ್ತಿದ್ದ. ಇಷ್ಟು ದಿನದಲ್ಲಿ ಮೊದಲ ಸಲ ಅವನಿಗೆ ನಿಜವಾಗಿ ಹೆದರಿಕೆಯಾಗಿತ್ತು.

ಮಂಜುಳಮ್ಮ ಗಂಡನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ಅಳೆದಳು. ಆಮೇಲೆ ತಮ್ಮನ ಹೆಗಲಿನಿಂದ ಬ್ಯಾಗನ್ನು ಇಳಿಸಿದಳು.

“ಬುಡೋ ಮಹೇಶ,” ಎಂದಳು. “ಒಂದು ಪುಟದ ಸುಳ್ಳು ನಿಭಾಯಿಸೋಕೆ ಆಗದೆ ಊರ ಮುಂದೆ ಬಾಯಿ ಬಾಯಿ ಬುಟ್ಟವರು ಇವರು. ಇವರು ಎರಡು ಸಂಸಾರ ನಿಭಾಯಿಸ್ತಾರಾ? ಅಷ್ಟೊಂದು ಯೋಗ್ಯತೆ ಇಲ್ಲ ಕಣೋ.”

ಅದು ಖುಲಾಸೆ. ಕೋರ್ಟಿನಲ್ಲೂ ಇಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ. ಚಿಕ್ಕಮಾದಯ್ಯ ಯೋಚಿಸಿ, ಹೌದು, ಅದೂ ನಿಜವೇ ಎನ್ನುವ ಹಾಗೆ ತಲೆದೂಗಿದರು. ಸಿಬ್ಬಂದಿ ವರ್ಗವೂ ಒಪ್ಪಿತು. ಇವನ ಕೈಲಿ ಎಲ್ಲಾಗುತ್ತದೆ ಎಂದು ಚೆಲುವರಾಜು ನಕ್ಕ. ನರ್ಸು, ಬಾಡಿಗೆ ಮನೆ, ಸಿದ್ಧಾರ್ಥನಗರ ಎಲ್ಲ ಆ ಒಂದು ನಗುವಿನಲ್ಲಿ ಖಾಲಿಯಾದವು. ಮಹೇಶ್ ಆಟೋದವನಿಗೆ ಹೋಗು ಎಂದು ಕೈ ಮಾಡಿದ. ಸಿದ್ದಲಿಂಗಸ್ವಾಮಿ ಮಾಡಬೇಕಾದ್ದು ಇಷ್ಟೇ ಇತ್ತು. ಬ್ಯಾಗನ್ನು ಎತ್ತಿಕೊಂಡು, ಮಗಳ ಕೈ ಹಿಡಿದು, ಸುಮ್ಮನೆ ಮನೆಗೆ ನಡೆಯುವುದು.

ಅವನು ಎಲ್ಲರ ಮುಖವನ್ನೂ ನೋಡಿದ. ಆಫೀಸಿನವರು ಇನ್ನೂ ನಗುತ್ತಿದ್ದರು. ಅವನ ಎದೆ ಉಬ್ಬಿತು.

“ಯಾಕೆ?” ಎಂದ. “ನಾನು ಮನಸ್ಸು ಮಾಡಿದ್ರೆ ಆಗ್ತಿರಲಿಲ್ವಾ?”

ಮಂಜುಳಮ್ಮ ಬ್ಯಾಗನ್ನು ತಮ್ಮನ ಹೆಗಲಿಗೆ ವಾಪಸ್ ಹಾಕಿದಳು. ಮಹೇಶ್ ಹೊರಟಿದ್ದ ಆಟೋದ ಹಿಂದೆ ಓಡಿದ.